ಕ್ಯಾತ್ಸಂದ್ರದ ಹಳೇ ರೋಡಿನ ತಟ್ಟೆ ಇಡ್ಲಿ: ಬೈಪಾಸ್ ಬಿಟ್ಟು ಒಳಗೆ ಬನ್ನಿ

ಮೊದಲು ಇಡ್ಲಿ ವಿಷಯ. ಹೋದ ಭಾನುವಾರ ಬೆಳಗ್ಗೆ ಏಳೂಕಾಲಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ತಲಾ ಎರಡು ಬೆಣ್ಣೆ ತಟ್ಟೆ ಇಡ್ಲಿ, ಒಂದು ವಡೆ, ಕಾಫಿ. ಒಲೆ ಇವತ್ತಿಗೂ ಸೌದೆಯದೇ. ಮುಚ್ಚಳ ತೆಗೆದರೆ ಹಬೆಯಲ್ಲಿ ಅಡುಗೆಯವರ ಮುಖವೇ ಕಾಣುವುದಿಲ್ಲ. ಬೆರಳಲ್ಲಿ ಒತ್ತಿದರೆ ಇಡ್ಲಿ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ನೀವು ಚಟ್ನಿ ಹಾಕಿಸಿಕೊಳ್ಳುವಷ್ಟರಲ್ಲಿ ಬೆಣ್ಣೆ ಕರಗಿ ಅಂಚಿಗೆ ಬಂದಿರುತ್ತದೆ. ಚಟ್ನಿಯಲ್ಲಿ ಕಾಯಿ ಧಾರಾಳ. ತಿಪಟೂರು ಇಷ್ಟು ಹತ್ತಿರ ಇಟ್ಟುಕೊಂಡು ಬರೀ ಹುರಿಗಡಲೆ ರುಬ್ಬಿ ನೀರು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇವರು ಹಾಗೆ ಮಾಡಿಲ್ಲ.

ಈ ಹೋಟೆಲ್ ಇರುವುದು ಬಿ.ಎಚ್. ರೋಡಿನಲ್ಲಿ. ದಿನಾ ಆ ಹೆಸರು ಹೇಳುತ್ತೇವೆ, ಅಲ್ವಾ? ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು ಸಮುದ್ರ ಮುಟ್ಟುವ ದಾರಿ. ಮೈಸೂರು ಸೀಮೆಯಲ್ಲಿ ಗಾಡಿ ಓಡುವಂಥ ರಸ್ತೆಗಳು ದೊಡ್ಡ ಪ್ರಮಾಣದಲ್ಲಿ ಆಗಿದ್ದು ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ, 1834ರಿಂದ 1861ರ ನಡುವೆ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಜಾಸ್ತಿ ಸೇತುವೆ. ಅದಕ್ಕೂ ಮುಂಚೆ ಸರಕೆಲ್ಲ ಹೇರೆತ್ತುಗಳ ಬೆನ್ನ ಮೇಲೆಯೇ ಹೆಚ್ಚಾಗಿ ಸಾಗುತ್ತಿತ್ತು. ಆಗ ತುಮಕೂರು ಕಡೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ಡಾಬ್ಸ್, ಬೆಂಗಳೂರಿಗೆ ಹೋಗುವಾಗ ಸಿಗುವ ಡಾಬಸ್‌ಪೇಟೆ ಅವರ ಹೆಸರಿನದೇ.

ಹಾಗಂತ ಇದನ್ನು ಬ್ರಿಟಿಷರ ಉಪಕಾರ ಅಂತ ನಾನು ಬರೆಯುವುದಿಲ್ಲ. ದಂಡು ಬೇಗ ಹೋಗಬೇಕಿತ್ತು, ಸರಕು ಬೇಗ ಹೋಗಬೇಕಿತ್ತು. 1876–78ರ ಧಾತು ಈಶ್ವರ ಬರದಲ್ಲಿ ಹಸಿದ ಜನ ಹೊಟ್ಟೆಪಾಡಿಗೆ ಇಂಥ ರಸ್ತೆಗಳ ಮೇಲೆಯೇ ಮಣ್ಣು ಹೊತ್ತರು. 1871ರಲ್ಲಿ 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. 1884ರಲ್ಲಿ ತುಮಕೂರಿಗೆ ರೈಲು ಬಂತು. ಆದರೂ ಹಳ್ಳಿಯವರ ಕಾಯಿ, ಅಡಿಕೆ, ಕೊಬ್ಬರಿಗೆ ರೋಡು ಬೇಕೇ ಬೇಕಿತ್ತು, ಗಾಡಿ ನಿಂತ ಕಡೆ ಹೋಟೆಲ್ ಹುಟ್ಟಿತು. ಪಕ್ಕದಲ್ಲೇ ಸಿದ್ಧಗಂಗಾ ಮಠ, ಬರುವ ಹೋಗುವ ಜನಕ್ಕೆ ಕೊರತೆಯೇ ಇಲ್ಲ.

ನಮ್ಮ ತಾತ ಈ ರೋಡಿಗೆ ಜಲ್ಲಿ ಒಡೆದವರು. ಅವರು ಒಡೆದ ಜಲ್ಲಿ ಮೇಲೆ ಎಲ್ಲ ಜಾತಿಯವರ ಗಾಡಿಯೂ ಓಡಿತು, ಆದರೆ ರೋಡ್ ಪಕ್ಕದ ಹೋಟೆಲ್ ಒಳಗೆ ತಾತನಿಗೆ ಜಾಗ ಇರಲಿಲ್ಲ. ಹೊರಗೆ ಕೂತು ಚಿಪ್ಪಿನಲ್ಲಿ ಟೀ ಕುಡಿದು, ಚಿಪ್ಪನ್ನು ತಾವೇ ತೊಳೆದು ಸೂರಿನಡಿ ಸಿಕ್ಕಿಸಿ ಬರಬೇಕಿತ್ತು. ಯಾವ ಹೋಟೆಲ್ ಅಂತ ಅವರು ಕೊನೆವರೆಗೂ ಹೇಳಲಿಲ್ಲ. ಅಮ್ಮ ಮೊನ್ನೆಯೂ ಒಳಗೆ ಬರದೆ, "ಇಲ್ಲೇ ಬಾಗ್ಲತ್ರ ಕೂರಾನ ಬಿಡಪ್ಪ" ಅಂದಳು. ನಾನು ಕೈ ಹಿಡಿದು ಒಲೆ ಕಾಣುವ ಟೇಬಲ್ಲಿಗೆ ಕರೆದುಕೊಂಡು ಹೋದೆ. ಬಡಿಸುವ ಹುಡುಗ ಬಂದು "ಅಮ್ಮಾ, ಇನ್ನೊಂದ್ ಹಾಕ್ಲಾ? ಬಿಸಿ ಐತೆ" ಅಂದ. ಅಮ್ಮ ಎರಡು ಹಾಕಿಸಿಕೊಂಡಳು. ಈ ಹೋಟೆಲ್ಲಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುವುದು ಇದಕ್ಕೇ. ಯಾರು ಬಂದರೂ ಒಂದೇ ಬೆಂಚು, ಒಂದೇ ಲೋಟ, ಅದೇ ನಗು.

ಕೊರತೆಯೂ ಇದೆ. ಕಾಫಿಗೆ ಸಕ್ಕರೆ ತೀರಾ ಜಾಸ್ತಿ, ಮೊದಲೇ ಕಮ್ಮಿ ಹಾಕಿ ಅಂತ ಹೇಳಿ. ಕೈ ತೊಳೆಯುವ ನಲ್ಲಿ ಸೋರಿ ನೆಲ ಜಾರುತ್ತದೆ, ವಯಸ್ಸಾದವರಿದ್ದರೆ ಹುಷಾರು. ಕಾರು ನಿಲ್ಲಿಸಲು ಜಾಗ ಇಲ್ಲ. ಬೈಪಾಸ್ ಆದ ಮೇಲೆ ದೂರದ ಬಸ್ಸು, ಲಾರಿ ನಿಲ್ಲುವುದು ಕಮ್ಮಿಯಾಗಿದೆ, ವಾರದ ದಿನ ಮಧ್ಯಾಹ್ನ ಬೆಂಚುಗಳು ಖಾಲಿ ಅಂತ ಯಜಮಾನರು ಬೇಜಾರಲ್ಲಿ ಹೇಳಿದರು.

ಬೆಂಗಳೂರಿಂದ ಬರುವವರು ಸುಮ್ನೆ ಬೈಪಾಸ್ ಹಿಡಿದು ಹೋಗಬೇಡಿ, ಊರೊಳಗಿನ ರೋಡಿಗೆ ತಿರುಗಿ. ಒಂಬತ್ತರೊಳಗೆ ಬನ್ನಿ. ಆಮೇಲೆ ವಡೆ ಸಿಗುವುದಿಲ್ಲ.