ಗಾರ್ಮಿನ್ ಅಪ್ರೋಚ್ ಆರ್10: ಹೊಸ ಗಾಲ್ಫ್ ಆಟಗಾರರಿಗೆ ಎಷ್ಟು ಉಪಯುಕ್ತ?

ಗಾರ್ಮಿನ್ ಕಂಪನಿ 2021ರಲ್ಲಿ ಮಾರುಕಟ್ಟೆಗೆ ತಂದ ಅಪ್ರೋಚ್ ಆರ್10, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಡಾಪ್ಲರ್ ರೇಡಾರ್, ಅಂದರೆ ಚಲಿಸುವ ವಸ್ತುವಿನ ವೇಗವನ್ನು ರೇಡಿಯೋ ಅಲೆಗಳಿಂದ ಅಳೆಯುವ ಸಾಧನ. ಚೆಂಡಿನಿಂದ ಆರರಿಂದ ಎಂಟು ಅಡಿ ಹಿಂದೆ, ಗುರಿಯ ನೇರಕ್ಕೆ ಇದನ್ನು ಪುಟ್ಟ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮೊಬೈಲಿಗೆ ಜೋಡಿಸಿಕೊಂಡರೆ, ಪ್ರತಿ ಹೊಡೆತದ ನಂತರ ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ವೇಗ, ಚೆಂಡಿನ ವೇಗ, ಚೆಂಡು ಮೇಲೆದ್ದ ಕೋನ, ಗಾಳಿಯಲ್ಲಿ ಕ್ರಮಿಸಿದ ದೂರ ಮುಂತಾದವು ಪರದೆಯ ಮೇಲೆ ಮೂಡುತ್ತವೆ. ಅಳವಡಿಕೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ. ಆಟವನ್ನು ಈಗಷ್ಟೇ ಹಿಡಿದವರಿಗೆ ಇದರಿಂದ ಏನು ಲಾಭ ಎಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು.

ಕಲಿಯುವವರ ಆಸೆಯೆಲ್ಲ ದೂರದ ಮೇಲಿರುತ್ತದೆ, ಮತ್ತು ದೂರ ಬೇಕೆಂದರೆ ಜೋರಾಗಿ ಬೀಸಬೇಕು ಎಂದು ಅಭ್ಯಾಸದ ಜಾಗದಲ್ಲಿ ಪಕ್ಕದ ಮ್ಯಾಟಿನವರು ಕೇಳದೆಯೇ ಸಲಹೆ ಕೊಡುತ್ತಾರೆ. ಈ ಸಲಹೆ ಎಲ್ಲಿ ಸೋಲುತ್ತದೆ ಎಂಬುದು ಸಾಧನದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ನಡುವಯಸ್ಸಿನಲ್ಲಿ ಆಟ ಆರಂಭಿಸಿದ ಗೆಳೆಯರೊಬ್ಬರು ಮಧ್ಯಮ ದೂರಕ್ಕೆ ಬಳಸುವ ಕ್ಲಬ್ಬಾದ 7ನೇ ನಂಬರಿನ ಐರನ್‌ನಿಂದ ಹಲ್ಲು ಕಚ್ಚಿ ಬೀಸಿದ ಒಂದು ಹೊಡೆತದಲ್ಲಿ ಕ್ಲಬ್ಬಿನ ವೇಗ ಗಂಟೆಗೆ 70 ಮೈಲಿ, ಚೆಂಡಿನ ವೇಗ 84, ದೂರ 103 ಗಜ ಎಂದು ಬಂತು. ಬಳಿಕ ತರಬೇತುದಾರರ ಮಾತಿನಂತೆ ಭುಜ ಸಡಿಲಿಸಿ, ದೇಹದ ಭಾರ ಮುಂಗಾಲಿಗೆ ಸರಿದ ಮೇಲೆ ಚೆಂಡನ್ನು ಮುಟ್ಟಿದಾಗ ಕ್ಲಬ್ಬಿನ ವೇಗ 68ಕ್ಕೆ ಇಳಿದರೂ ಚೆಂಡಿನ ವೇಗ 91ಕ್ಕೆ ಏರಿ, ದೂರ 118 ಗಜವಾಯಿತು. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದಾಗ ಸಿಗುವ ಅನುಪಾತಕ್ಕೆ ಸ್ಮ್ಯಾಶ್ ಫ್ಯಾಕ್ಟರ್ ಎನ್ನುತ್ತಾರೆ. ಇಲ್ಲಿ ಅದು 1.20ರಿಂದ 1.34ಕ್ಕೆ ಹೋಗಿದೆ. ಕ್ಲಬ್ಬಿನ ಮುಖದ ನಡುಭಾಗ ಚೆಂಡಿಗೆ ತಾಗಿದ್ದರಿಂದಲೂ, ಚೆಂಡನ್ನು ಕೆಳಗಿನಿಂದ ಎತ್ತಿಹಾಕುವ ಅಭ್ಯಾಸ ತಪ್ಪಿದ್ದರಿಂದಲೂ ದಕ್ಕಿದ ದೂರವಿದು. ತೋಳಿನ ಬಲಕ್ಕೆ ಇದರಲ್ಲಿ ಪಾಲಿಲ್ಲ. ಅತಿ ದೂರದ ಹೊಡೆತಕ್ಕೆ ಬಳಸುವ ಕ್ಲಬ್ಬಾದ ಡ್ರೈವರ್‌ನಲ್ಲಿ ಇದೇ ಅನುಪಾತ ಹೆಚ್ಚೆಂದರೆ 1.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಆದ್ದರಿಂದ ಹೊಸಬರಿಗೆ ಇನ್ನೆಷ್ಟು ದೂರ ಬಾಕಿ ಉಳಿದಿದೆ ಎಂಬ ಅಂದಾಜೂ ಸಿಗುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಕ್ಲಬ್ಬುಗಳ ನಡುವಿನ ಅಂತರ. ಆರಂಭದಲ್ಲಿ ಬಹುತೇಕರಿಗೆ 5ನೇ ನಂಬರಿನ ಐರನ್ನೂ 7ನೇ ನಂಬರಿನ ಐರನ್ನೂ ಹೆಚ್ಚುಕಡಿಮೆ ಒಂದೇ ದೂರ ಕೊಡುತ್ತವೆ, ಏಕೆಂದರೆ ಕಡಿಮೆ ಬಾಗಿದ ಮುಖದ, ಉದ್ದನೆಯ 5ನೇ ಐರನ್‌ನಿಂದ ಚೆಂಡು ಗಾಳಿಯಲ್ಲಿ ಸಾಕಷ್ಟು ಹೊತ್ತು ನಿಲ್ಲಲು ಬೇಕಾದ ವೇಗ ಅವರ ಹೊಡೆತದಲ್ಲಿ ಇರುವುದಿಲ್ಲ. ಸ್ವಿಂಗ್ ಪಳಗಿದಂತೆ ಈ ಎರಡರ ನಡುವೆ ಇಪ್ಪತ್ತು ಗಜದಷ್ಟು ಅಂತರ ತೆರೆದುಕೊಳ್ಳುತ್ತದೆ. ಒಂದು ಅದೃಷ್ಟದ ಹೊಡೆತಕ್ಕಿಂತ ಈ ಅಂತರವೇ ಸುಧಾರಣೆಗೆ ನಂಬಲರ್ಹ ಸಾಕ್ಷಿ, ಮತ್ತು ಆ್ಯಪ್‌ನಲ್ಲಿ ಉಳಿಯುವ ದಾಖಲೆಯಿಂದ ಅದನ್ನು ತಿಂಗಳಿಂದ ತಿಂಗಳಿಗೆ ಹೋಲಿಸಬಹುದು. ಚೆಂಡು ಬಲಕ್ಕೆ ಬಾಗಿ ಸಾಯುವ ಸ್ಲೈಸ್‌ನ ವಿಷಯದಲ್ಲೂ ಸಾಧನ ನೆರವಾಗುತ್ತದೆ. ಕ್ಲಬ್ಬು ಸಾಗಿದ ದಾರಿಯನ್ನೂ ಅದರ ಮುಖದ ಕೋನವನ್ನೂ ಬೇರೆಬೇರೆಯಾಗಿ ತೋರಿಸುವುದರಿಂದ, ದಾರಿಗೆ ಹೋಲಿಸಿದರೆ ಮುಖ ಎಷ್ಟು ತೆರೆದುಕೊಂಡಿತ್ತು ಎಂಬುದು ಗೊತ್ತಾಗುತ್ತದೆ. ಹಿಡಿತವನ್ನು ತಿದ್ದಿ, ಹೀಗೆ ತೆರೆದ ಮುಖವನ್ನು ನೇರಗೊಳಿಸಿಕೊಂಡವರಿಗೆ ಡ್ರೈವರ್‌ನಲ್ಲಿ ಒಮ್ಮೆಲೇ ದೂರ ಹೆಚ್ಚುವುದು ಇದೇ ಕಾರಣಕ್ಕೆ.

ಆದರೆ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ದೂರದ ಲೆಕ್ಕದಲ್ಲಿ ಐದು ಗಜ ಆಚೀಚೆ ಆಗಬಹುದೆಂದು ತಯಾರಕರೇ ಹೇಳಿರುವಾಗ, ಮೂರು ಗಜ ಹೆಚ್ಚಿತೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಅಭ್ಯಾಸದ ರೇಂಜ್‌ಗಳಲ್ಲಿ ಕೊಡುವ ಸವೆದ ಚೆಂಡುಗಳು ಒಳ್ಳೆಯ ಚೆಂಡುಗಳಷ್ಟು ದೂರ ಹೋಗುವುದಿಲ್ಲ. ಚೆಂಡಿಗಿಂತ ಮೊದಲು ನೆಲವನ್ನು ತಾಗಿದ ಕ್ಲಬ್ಬು ಹುಲ್ಲಿನಲ್ಲಾದರೆ ಮಣ್ಣು ಅಗೆದು ನಿಂತುಬಿಡುತ್ತದೆ, ಮ್ಯಾಟಿನ ಮೇಲಾದರೆ ಜಾರಿ ಚೆಂಡನ್ನು ಸೇರಿಬಿಡುತ್ತದೆ. ಈ ರಿಯಾಯಿತಿಯನ್ನು ರೇಡಾರ್ ಪ್ರತ್ಯೇಕಿಸಿ ಹೇಳಲಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಗಳಿಸಿದ ಗಜಗಳಲ್ಲಿ ಕೆಲವನ್ನು ಕರಾವಳಿಯ ಮೈದಾನದಲ್ಲಿ ಕಳೆದುಕೊಳ್ಳಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಲ್ಲದೆ, ಪರದೆಯ ಮೇಲೆ ಕ್ಲಬ್ಬಿನ ವೇಗ ಕಣ್ಣಿಗೆ ಬೀಳುತ್ತಿದ್ದಂತೆ ಅದನ್ನೇ ಏರಿಸುವ ಚಪಲ ಹುಟ್ಟುತ್ತದೆ. ಅಂಥವರಿಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಬೇಕೆನಿಸುತ್ತದೆ: ಹೊಡೆತದ ದೂರದಲ್ಲಿ ಎದುರಾಳಿಗಳಿಗಿಂತ ಹಿಂದಿದ್ದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಅವರಿಗೆ ಪದಕ ತಪ್ಪಿದ್ದು ಕೇವಲ ಒಂದು ಹೊಡೆತದಿಂದ.

ಅಮೆರಿಕದಲ್ಲಿ ಬಿಡುಗಡೆಯಾದಾಗ ಇದರ ಬೆಲೆ 600 ಡಾಲರ್‌ನಷ್ಟಿತ್ತು. ವೃತ್ತಿಪರರು ಬಳಸುವ ರೇಡಾರ್‌ಗಳ ಪಕ್ಕದಲ್ಲಿ ಇದು ಅಗ್ಗವಾದರೂ ಹೊಸಬರಿಗೆ ಸಣ್ಣ ಮೊತ್ತವಲ್ಲ. ಚೆಂಡಿಗೆ ಕ್ಲಬ್ಬು ತಾಗುವುದೇ ಇನ್ನೂ ಖಚಿತವಾಗದವರು ಆ ಹಣವನ್ನು ತರಬೇತುದಾರರಿಗೆ ಕೊಡುವುದು ಒಳ್ಳೆಯದು. ಹತ್ತರಲ್ಲಿ ಆರೇಳು ಚೆಂಡುಗಳನ್ನಾದರೂ ಗಾಳಿಗೆ ಏರಿಸಬಲ್ಲವರು ಮೂರು ನಾಲ್ಕು ಮಂದಿ ಸೇರಿ ಒಂದನ್ನು ಕೊಂಡು ಹಂಚಿಕೊಳ್ಳಬಹುದು.