ಧಾರವಾಡದಲ್ಲಿ ಅವಾರ್ಡ್, ಗದಗಿನಲ್ಲಿ ಗಾಂಜಾ

ಕೈಯಲ್ಲಿರುವ ಅಕ್ಷರ ಹಾಕಿದರೆ ಅವುಗಳಿಂದ ಆಗುವ ಇಂಗ್ಲಿಷ್ ಪದಗಳನ್ನೆಲ್ಲ ಹೆಕ್ಕಿ ಕೊಡುವ ಆಪ್ ಒಂದನ್ನು ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬಯ್ಯುವುದಿದೆ. ಅಷ್ಟಕ್ಕೂ ಈ ಥರದ್ದು ಹತ್ತಾರು ಇವೆ, ಬಣ್ಣ ಬೇರೆ, ಕೆಲಸ ಒಂದೇ.

ಇದು ಗೊತ್ತಾಗಿದ್ದೇ ಒಂದು ಕಳ್ಳತನದಿಂದ. ಅಕ್ಕನ ಮಗ ಭಾನುವಾರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಮ್ಮ ಮನೆಗೆ ಬರುತ್ತಾನೆ, ಊಟ ಆದ ಮೇಲೆ ಸ್ಕ್ರ್ಯಾಬಲ್ ಹಾಸುತ್ತೇವೆ, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ಒಂದು ಭಾನುವಾರ ಹುಡುಗನಿಗೆ ವಿಪರೀತ ಬಾಯಾರಿಕೆ. ಐದೈದು ನಿಮಿಷಕ್ಕೆ ಅಡುಗೆಮನೆಗೆ ಹೋಗುವುದು, ಬಂದು ಒಂದು ವಿಚಿತ್ರ ಪದ ಇಡುವುದು. ಕ್ಯೂ, ಐ, ಅಷ್ಟೇ ಇಟ್ಟ. ಅದನ್ನು ‘ಚೀ’ ಅಂತ ಓದಬೇಕಂತೆ, ಚೀನಾದವರು ಪ್ರಾಣಶಕ್ತಿಗೆ ಹೇಳುವ ಮಾತಂತೆ. ಕ್ಯೂ ಒಂದಕ್ಕೇ 10 ಪಾಯಿಂಟ್. ಕ್ಯೂ ಬಂದಾಗೆಲ್ಲ ಯು ಬರಲಿ ಅಂತ ಆಟ ಮುಗಿಯುವವರೆಗೂ ಕಾಯುವ ನನಗೆ ಹೊಟ್ಟೆ ಉರಿಯದೆ ಇರುತ್ತದಾ? ಆಮೇಲೆ ನೋಡಿದರೆ ನೀರಿನ ಕೊಡದ ಹಿಂದೆ ಅವನ ಫೋನ್ ಇತ್ತು.

ಚೆನ್ನಾಗಿ ಬಯ್ದೆ. ರಾತ್ರಿ ನಾನೇ ಆ ಆಪ್ ಇಳಿಸಿಕೊಂಡೆ.

ಮೊದಲು ಹಾಕಿದ್ದು ಊರಿನ ಹೆಸರು, ಎಲ್ಲರೂ ಅದನ್ನೇ ಮಾಡುತ್ತಾರೆ ಅಲ್ವಾ. ಧಾರವಾಡದ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಹಾರ್ಡ್, ವಾರ್ಡ್, ಡ್ರಾ ಜೊತೆಗೆ ಅವಾರ್ಡ್ ಕೂಡ ಇದೆ. ಸಾಹಿತಿಗಳ ಊರಿಗೆ ಸರಿಯಾಗಿಯೇ ಇದೆ. ಹುಬ್ಬಳ್ಳಿಯಲ್ಲಿ ಬಲ್ಬ್, ಬಾಲ್, ಹಿಲ್, ಬುಲ್ ಎಲ್ಲ ಬಂದವು. ನಡುವೆ ಬ್ಯೂಬಲ್ ಅಂತ ಒಂದು ಬಂತು. ಏನಪ್ಪಾ ಇದು ಅಂತ ಹುಡುಕಿದರೆ ಉತ್ತರ ಆಫ್ರಿಕಾದಲ್ಲಿದ್ದು ಅಳಿದುಹೋದ ಒಂದು ಜಾತಿಯ ಚಿಗರಿ! ನಾನು ಆಗ ಕೂತಿದ್ದದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ‘ಚಿಗರಿ’ ಬಸ್ಸಿನಲ್ಲೇ, ಉಣಕಲ್ ಕೆರೆ ದಾಟುತ್ತಿತ್ತು, ಒಬ್ಬನೇ ನಕ್ಕಿದ್ದಕ್ಕೆ ಪಕ್ಕದವರು ಫೋನಿಗೆ ಇಣುಕಿದರು. ಹಳೆಯ ‘ಹುಬ್ಲಿ’ ಸ್ಪೆಲ್ಲಿಂಗ್ ಹಾಕಿದರೆ ಇದು ಸಿಗುವುದಿಲ್ಲ, ಅದರಲ್ಲಿ ಬಿ ಒಂದೇ, ಎ ಇಲ್ಲವೇ ಇಲ್ಲ. 2014ರಲ್ಲಿ ಹೆಸರು ಬದಲಾಗಿದ್ದಕ್ಕೆ ಸಿಕ್ಕ ಲಾಭ. ಹಾವೇರಿಯಲ್ಲಿ ಹೇವರ್ ಇದೆ, ಸ್ಕಾಟ್ಲೆಂಡ್ ಕಡೆ ಹಾಗೆಂದರೆ ಸುಮ್ನೆ ಏನೇನೋ ಹರಟುವುದು. ಗದಗದ ಐದು ಅಕ್ಷರಗಳನ್ನು ಒಂದೂ ಬಿಡದೆ ತಿರುಗಿಸಿ ಜೋಡಿಸಿದರೆ ಡಾಗಾ. ದಕ್ಷಿಣ ಆಫ್ರಿಕಾದ ಇಂಗ್ಲಿಷ್‌ನಲ್ಲಿ ಗಾಂಜಾಕ್ಕೆ ಇರುವ ಹೆಸರು. ಹಿಂದಿನಿಂದ ಓದಿದರೂ ಗದಗ, ಮುಂದಿನಿಂದ ಓದಿದರೂ ಗದಗ, ಇಂಗ್ಲಿಷ್‌ನಲ್ಲೂ ಹಾಗೆಯೇ, ಅಂಥ ಸಾಧು ಹೆಸರಿನೊಳಗೆ ಇದೊಂದು ಅಡಗಿ ಕೂತಿತ್ತು ನೋಡಿ.

ಇನ್ನು ಬಯ್ಗುಳ. ಆಪ್‌ನಲ್ಲಿ ಎರಡು ಡಬ್ಬಿಗಳಿವೆ. ಒಂದು, ಕೊಟ್ಟ ಅಕ್ಷರಗಳನ್ನಷ್ಟೇ ಬಳಸಿ ಆಗುವ ಪದ. ಇನ್ನೊಂದು, ಕೊಟ್ಟ ಅಕ್ಷರಗಳೆಲ್ಲ ಒಳಗಿರುವ ಪದ, ಬೇರೆ ಎಷ್ಟು ಅಕ್ಷರ ಸೇರಿದರೂ ಪರವಾಗಿಲ್ಲ. ಸಿ, ಎಲ್, ಡಿ ಹಾಕಿದರೆ ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಕೋಲ್ಡ್, ಚೈಲ್ಡ್, ಕ್ಲೌಡ್, ಕ್ಯಾಂಡಲ್ ಅಂತ ಸಂತೆಯೇ ನೆರೆಯುತ್ತದೆ. ಸ್ಕ್ರ್ಯಾಬಲ್‌ಗೆ ಬೇಕಾದದ್ದು ಮೊದಲನೆಯದು, ಪದಬಂಧಕ್ಕೆ ಎರಡನೆಯದು. ಈ ಎರಡು ಡಬ್ಬಿ ಒಂದರ ಕೆಳಗೊಂದು ಅವಳಿಜವಳಿಯಂತೆ ಇವೆ, ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹೆಸರು. ನಾನು ಮೊದಲ ವಾರ ಪೂರ್ತಿ ತಪ್ಪು ಡಬ್ಬಿಗೆ ಹಾಕಿ, ನನ್ನ ಕೈಯಲ್ಲಿ ಇಲ್ಲದ ಅಕ್ಷರಗಳ ಪದ ನೋಡಿ ಆಪ್‌ಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ.

ಪದಪಟ್ಟಿ ಬೇರೆ ಹಳೆಯದು. ಪರೀಕ್ಷೆ ಸುಲಭ, ಓ ಮತ್ತು ಕೆ ಹಾಕಿ ನೋಡಿ. ‘ಓಕೆ’ಯನ್ನು ಅಮೆರಿಕದ ಸ್ಕ್ರ್ಯಾಬಲ್ ನಿಘಂಟು 2018ರಲ್ಲಿ ಸೇರಿಸಿಕೊಂಡಿತು, ಬ್ರಿಟನ್ ಮತ್ತಿತರ ಕಡೆ ಬಳಸುವ ಕಾಲಿನ್ಸ್ ಪದಪಟ್ಟಿಗೆ 2019ರಲ್ಲಿ ಬಂತು. ನನ್ನ ಆಪ್ ಇನ್ನೂ ಇಲ್ಲ ಅನ್ನುತ್ತದೆ. ಅರ್ಥವನ್ನೂ ಕೊಡುವುದಿಲ್ಲ. ಡಾಗಾ ಅಂದರೇನು ಅಂತ ಬೇರೆ ಕಡೆ ಹೋಗಿ ನೋಡಬೇಕು, ವಾಪಸ್ ಬಂದರೆ ಹಾಕಿದ ಅಕ್ಷರ ಅಳಿಸಿ ಒಂದು ಜಾಹೀರಾತು ಕುಣಿಯುತ್ತಿರುತ್ತದೆ. ನೆಟ್ ಆಫ್ ಮಾಡಿದರೆ ಜಾಹೀರಾತು ಬರುವುದಿಲ್ಲ, ಹುಡುಕಾಟ ಮಾತ್ರ ಎಂದಿನಂತೆ ನಡೆಯುತ್ತದೆ. ಹಾಗಾಗಿ ನಾನು ಮೊದಲು ಪದ ಹುಡುಕಿ ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ನೆಟ್ ಹಾಕಿ ಅರ್ಥ ನೋಡುತ್ತೇನೆ.

ಮೆಚ್ಚಿಕೊಳ್ಳುವುದೂ ಇದೆ. ಯಾವ ಅಕ್ಷರ ಬೇಕಾದರೂ ಆಗಬಹುದಾದ ಖಾಲಿ ಬಿಲ್ಲೆಗೆ ಪ್ರಶ್ನೆ ಚಿಹ್ನೆ ಹಾಕಿದರೆ ಸಾಕು, ಯಾವ ಅಕ್ಷರ ಕೂಡಿಸಿದರೆ ಏನಾಗುತ್ತದೆ ಅಂತ ತಾನೇ ಹೇಳುತ್ತದೆ. ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಇಂಥವು ಎರಡೇ, ಇ ಮಾತ್ರ 12. ಆಲ್ಫ್ರೆಡ್ ಬಟ್ಸ್ ಅನ್ನುವ ಅಮೆರಿಕದ ಆರ್ಕಿಟೆಕ್ಟ್ ಕೆಲಸ ಇಲ್ಲದ ಕಾಲದಲ್ಲಿ ಪತ್ರಿಕೆಗಳ ಅಕ್ಷರ ಎಣಿಸುತ್ತಾ ಕೂತು ಈ ಲೆಕ್ಕ ಹಾಕಿದ್ದು. ಕೈಯಲ್ಲಿರುವ ಏಳೂ ಬಿಲ್ಲೆ ಒಮ್ಮೆಗೇ ಇಟ್ಟರೆ 50 ಪಾಯಿಂಟ್ ಹೆಚ್ಚಿಗೆ. ರಿಟೇನ್ಸ್‌ನ ಏಳು ಅಕ್ಷರಗಳಿಂದಲೇ ನಾಸ್ಟಿಯರ್, ರೆಟಿನಾಸ್, ಸ್ಟೇನರ್ ಕೂಡ ಆಗುತ್ತವೆ ಅಂತ ನನಗೆ ಕಲಿಸಿದ್ದು ಇದೇ ದರಿದ್ರ ಆಪ್.

ಐದಕ್ಕೆ ಮೂರು ಕೊಡುತ್ತೇನೆ. ಆಟ ಮುಗಿದ ಮೇಲೆ, ‘ನನ್ನ ಕೈಯಲ್ಲಿ ಏನಿತ್ತು, ಏನು ಬಿಟ್ಟೆ’ ಅಂತ ನೋಡಿಕೊಳ್ಳಲು ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಆಟ ಶುರುವಾಗುವ ಮೊದಲು ಎಲ್ಲರ ಫೋನೂ ಫ್ರಿಜ್ ಮೇಲೆ, ನೀರಿನ ತಂಬಿಗೆ ಬೋರ್ಡಿನ ಪಕ್ಕದಲ್ಲೇ.