ಮೈಸೂರಿನ ಪ್ರಾಣಿ ರಕ್ಷಣಾ ಕೇಂದ್ರದಿಂದ ನಾಯಿಮರಿಯನ್ನು ದತ್ತು ಪಡೆದ ಅನುಭವ

ಮೈಸೂರಿನ ಹೊರವಲಯದ ಪ್ರಾಣಿ ರಕ್ಷಣಾ ಕೇಂದ್ರವೊಂದರಿಂದ ನಾವು 3 ತಿಂಗಳ ಹಿಂದೆ ದತ್ತು ಪಡೆದ ಮಿಶ್ರತಳಿಯ ಹೆಣ್ಣು ನಾಯಿಮರಿಗೆ ಆಗ 2 ತಿಂಗಳು. ಕೇಳಿದ ಕೂಡಲೇ ಅವರು ಮರಿಯನ್ನು ಕೈಗಿಡಲಿಲ್ಲ. ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ನಾವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮನೆಯ ಮಾಲೀಕರ ಒಪ್ಪಿಗೆ ಇದೆಯೇ ಎಂದೆಲ್ಲ ವಿಚಾರಿಸಿ, ಎರಡನೆಯ ಭೇಟಿಯಲ್ಲಷ್ಟೇ ಒಪ್ಪಿಸಿದರು. ಈ ಎಚ್ಚರಿಕೆ ನನಗೆ ಬಹಳ ಹಿಡಿಸಿತು. ನಾಯಿಮರಿಗಳಿಗೆ ತಗಲುವ ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ವೈರಸ್ ರೋಗಗಳ ಲಸಿಕೆಯ ದಿನಾಂಕಗಳನ್ನು ಬರೆದ ಕಾರ್ಡನ್ನು ಕೊಟ್ಟು, 3 ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆಯನ್ನು ತಪ್ಪಿಸಬಾರದೆಂದು ಒತ್ತಿ ಹೇಳಿದರು.

ಒಂದು ಕೊರತೆಯನ್ನು ಹೇಳಲೇಬೇಕು. ಶಾಂತ ಸ್ವಭಾವದ ಮರಿಯೆಂದು ಅವರು ಹೇಳಿದ್ದರೂ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿರುವ ಈ ಪುಟ್ಟ ಜೀವ ನಡುಮನೆಯಿಂದ ಹಿತ್ತಲಿಗೂ ಹಿತ್ತಲಿನಿಂದ ನಡುಮನೆಗೂ ಓಡುತ್ತಲೇ ಇರುತ್ತದೆ. ಹಾಲುಹಲ್ಲು ಉದುರತೊಡಗಿದಾಗ ಚಪ್ಪಲಿ, ಕಾಲೊರಸು, ಕುರ್ಚಿಯ ಕಾಲು ಯಾವುದನ್ನೂ ಅದು ಬಿಡಲಿಲ್ಲ. ಹಳೆಯ ಬಟ್ಟೆಯನ್ನು ಒದ್ದೆ ಮಾಡಿ ಗಂಟು ಹಾಕಿ, ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಕೊಟ್ಟ ಮೇಲೆ ಅದನ್ನೇ ಮುಂಗಾಲುಗಳ ನಡುವೆ ಹಿಡಿದು ಗಂಟೆಗಟ್ಟಲೆ ಜಗಿಯುತ್ತಿತ್ತು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕುವೆಂಪುನಗರದ ಬೀದಿಗಳಲ್ಲಿ ನಡೆಸಿಕೊಂಡು ಬಂದರೆ ರಾತ್ರಿ ನನ್ನ ಪಾದದ ಮೇಲೆ ತಲೆಯಿಟ್ಟು ನೆಮ್ಮದಿಯಾಗಿ ಮಲಗುತ್ತದೆ.